ಓದಬಲ್ಲ ವಾಕ್ಯ — ಯಾರು ಓದಬಲ್ಲ ವಾಕ್ಯ?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ಕಾಲೇಜಿನ ವಾರ್ಷಿಕ ಸಂಚಿಕೆಗೆ ಗಣಕಯಂತ್ರದ ವಿಷಯವಾಗಿ ಬರೆಯಹೊರಟರೆ ವಾಚಕರಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. ಕಾವ್ಯವುಂಟು, ಇತಿಹಾಸವುಂಟು, ಅರ್ಥಶಾಸ್ತ್ರವುಂಟು. ಇವೆಲ್ಲವನ್ನೂ ಬಿಟ್ಟು ಇವನೇಕೆ ಪರರ ಹೊಲಕ್ಕೆ ಇಳಿದ ಎಂದು ಕೇಳಿಯಾರು. ಆ ಹೊಲ ಪರರದಲ್ಲ ಎಂಬುದೇ ಈ ಲೇಖನದ ಸಾರ. ಯಂತ್ರಗಳಿಗೆ ಕೊಡುವ ನಿಯಮಗಳನ್ನು ಮನುಷ್ಯರು ಓದಬಲ್ಲ ವಾಕ್ಯಗಳಲ್ಲಿ ಬರೆಯುವ ಪದ್ಧತಿ ಇಂದು ಬೆಳೆಯುತ್ತಿದೆ. ವಾಕ್ಯ ಎಂದ ಮೇಲೆ ವ್ಯಾಕರಣ ಬಂತು. ವ್ಯಾಕರಣ ಬಂದ ಮೇಲೆ ಕನ್ನಡ ಓದಿದವನಿಗೆ ಅಲ್ಲಿ ಕೆಲಸವೂ ಬಂತು. ಆ ಕೆಲಸವನ್ನು ನಾವು ಮಾಡದೆ ಉಳಿದಿದ್ದೇವೆ ಎಂಬುದು ನನ್ನ ದೂರು. ಮಾಡಬಲ್ಲೆವು ಎಂಬುದು ನನ್ನ ನಂಬಿಕೆ.

ಮೊದಲು ವಿಷಯವೇನೆಂಬುದನ್ನು ಸರಳವಾಗಿ ಹೇಳುತ್ತೇನೆ. ಯಾವ ಯಂತ್ರವ್ಯವಸ್ಥೆಯನ್ನಾದರೂ ಹತ್ತಿರದಿಂದ ನೋಡಿದರೆ ಅದರಲ್ಲಿ ಮೂರು ಸಂಗತಿಗಳು ಕಾಣುತ್ತವೆ. ಒಂದು, ಸ್ಥಿತಿ, ಎರಡು, ಘಟನೆ, ಮೂರು, ಸಂಕ್ರಮಣ. ನಮ್ಮ ಗ್ರಂಥಾಲಯದ ಒಂದು ಪುಸ್ತಕವನ್ನೇ ತೆಗೆದುಕೊಳ್ಳಿ. ಅದು ಕಪಾಟಿನಲ್ಲಿದೆ, ಇದು ಸ್ಥಿತಿ. ವಿದ್ಯಾರ್ಥಿಯೊಬ್ಬ ಚೀಟಿ ಬರೆದು ಕೊಟ್ಟ, ಇದು ಘಟನೆ. ಪುಸ್ತಕ ಓದುಗನ ಕೈ ಸೇರಿತು. ಸೂರ್ಯ ಧನುಸ್ಸನ್ನು ಬಿಟ್ಟು ಮಕರವನ್ನು ಪ್ರವೇಶಿಸಿದಂತೆ ಇದೊಂದು ಸಂಕ್ರಮಣ. ಗಡುವು ಮುಗಿಯಿತು, ಮತ್ತೊಂದು ಘಟನೆ, ಮತ್ತೊಂದು ಸಂಕ್ರಮಣ. ಪುಸ್ತಕದ ಬಾಳು ಹೀಗೆ ಸಾಗುತ್ತದೆ. ರೈಲಿನ ಟಿಕೆಟ್ಟು, ಬ್ಯಾಂಕಿನ ಹಣ, ವಿದ್ಯಾರ್ಥಿವೇತನದ ಅರ್ಜಿ, ಪಡಿತರ ಚೀಟಿ, ಇವುಗಳ ಬಾಳೂ ಯಂತ್ರದೊಳಗೆ ಹೀಗೆಯೇ ಸಾಗುವುದು. ಯಾವ ಸ್ಥಿತಿಯಲ್ಲಿ ಯಾವ ಘಟನೆ ನಡೆದರೆ ಮುಂದಿನ ಸ್ಥಿತಿ ಯಾವುದು ಎಂಬುದನ್ನು ಯಂತ್ರಕ್ಕೆ ಒಂದು ಪಟ್ಟಿಯಾಗಿ ಬರೆದು ಕೊಡಬೇಕಾಗುತ್ತದೆ. ಕಸಬಿನವರು ಅದನ್ನು ಕಾನ್ಫಿಗರೇಷನ್ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ನಾನು ಅದನ್ನು ನಡೆಪಟ್ಟಿ ಎಂದು ಕರೆಯುತ್ತೇನೆ.

ಈ ನಡೆಪಟ್ಟಿಯನ್ನು ಯಂತ್ರ ಬಯಸುವ ರೂಪದಲ್ಲಿ ಬರೆಯುವುದು ಸುಖದ ಕೆಲಸವಲ್ಲ. ಕಂಸದೊಳಗೆ ಕಂಸ, ಅದರೊಳಗೆ ಮತ್ತೊಂದು ಕಂಸ. ಒಂದು ಅಲ್ಪವಿರಾಮ ತಪ್ಪಿದರೆ ಇಡೀ ಪಟ್ಟಿ ಕೆಡುತ್ತದೆ. ೨೦೧೫ರಲ್ಲಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ೩ಸಿ ಎಂಬ ಸಂಸ್ಥೆ ಇಂಥ ಪಟ್ಟಿಗಳಿಗಾಗಿ ಎಸ್‌ಸಿಎಕ್ಸ್‌ಎಂಎಲ್ ಎಂಬ ರೂಪವನ್ನು ಶಿಫಾರಸು ಮಾಡಿತು. ಅದು ಯಂತ್ರಕ್ಕೆ ಒಪ್ಪುವ ರೂಪ. ಮನುಷ್ಯನ ಕಣ್ಣಿಗೆ ಅದೊಂದು ಮುಳ್ಳಿನ ಬೇಲಿ. ಈ ಕಷ್ಟವನ್ನು ನೀಗಲೆಂದೇ ಕೆಲವು ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಹುಟ್ಟಿವೆ. ಜಾವಾಸ್ಕ್ರಿಪ್ಟ್ ಎಂಬುದು ೧೯೯೫ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಎಂಬಾತ ಹತ್ತೇ ದಿನಗಳಲ್ಲಿ ಮೊದಲ ರೂಪ ಕೊಟ್ಟ ಭಾಷೆ. ಇಂದು ಜಾಲಪುಟಗಳ ಚಲನವಲನವೆಲ್ಲ ಬಹುಮಟ್ಟಿಗೆ ಅದರದೇ. ಲೈಬ್ರರಿ ಎಂದರೆ ಇಲ್ಲಿ ಪುಸ್ತಕಗಳ ಮನೆಯಲ್ಲ. ಒಬ್ಬರು ಬರೆದಿಟ್ಟು ಹಲವರು ಬಳಸುವ ಸಿದ್ಧ ಸೂತ್ರಗಳ ಗಂಟು.

ಉದಾಹರಣೆಗೆ ಸ್ಟೇಟ್ ಮಷೀನ್ ಕ್ಯಾಟ್ ಎಂಬ ಲೈಬ್ರರಿಯಿದೆ. ಅದಕ್ಕೆ ಹೀಗೆ ಬರೆದು ಕೊಡಬಹುದು:

“ಕಪಾಟಿನಲ್ಲಿದೆ” => “ಓದುಗರ ಬಳಿ ಇದೆ”: ಚೀಟಿ ಕೊಟ್ಟರು;
“ಓದುಗರ ಬಳಿ ಇದೆ” => “ಗಡುವು ಮೀರಿದೆ”: ಹದಿನೈದು ದಿನ ಕಳೆಯಿತು;

ಇಷ್ಟನ್ನು ಕೊಟ್ಟರೆ ಅದು ಚಿತ್ರ ಬರೆಯುತ್ತದೆ. ಬೇಕೆಂದರೆ ಮೇಲೆ ಹೇಳಿದ ಮುಳ್ಳುಬೇಲಿಯ ರೂಪದ ನಡೆಪಟ್ಟಿಯನ್ನೂ ಹೆಣೆದು ಕೊಡುತ್ತದೆ. ಮುಳ್ಳನ್ನು ತುಳಿಯುವ ಪಾಡು ಯಂತ್ರದ್ದು, ಓದುವ ಸುಖ ನಮ್ಮದು. ಇದೇ ಬಳಗಕ್ಕೆ ಸೇರಿದ ಸಾಧನಗಳು ಇನ್ನೂ ಉಂಟು. ಎಕ್ಸ್‌ಸ್ಟೇಟ್ ಎಂಬುದು ಸ್ಥಿತಿ ಮತ್ತು ಘಟನೆಗಳ ಪಟ್ಟಿಯನ್ನು ನೇರವಾಗಿ ನಡೆಸುತ್ತದೆ. ೨೦೧೩ರಲ್ಲಿ ಐಬಿಎಂ ಕಂಪನಿಯಲ್ಲಿ ಹುಟ್ಟಿದ ನೋಡ್-ರೆಡ್ ಎಂಬುದರಲ್ಲಿ ಪೆಟ್ಟಿಗೆಗಳನ್ನು ಗೆರೆಗಳಿಂದ ಜೋಡಿಸಿದರೆ ಸಾಕು, ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

ಇಷ್ಟೆಲ್ಲ ಶ್ರಮವೇಕೆ? ಯಂತ್ರದ ಕೆಲಸ ಬಲ್ಲವರು ಯಂತ್ರದ ಭಾಷೆಯಲ್ಲೇ ಬರೆದುಕೊಂಡರಾಗದೆ? ಆಗದು. ಏಕೆಂದರೆ ಯಂತ್ರವನ್ನು ಬಲ್ಲವರು ಬೇರೆ, ಕೆಲಸವನ್ನು ಬಲ್ಲವರು ಬೇರೆ. ಈ ಸತ್ಯವನ್ನು ತೋರುವ ಸಂಗತಿಯೊಂದು ಇಸ್ರೇಲಿನ ವಿಜ್ಞಾನಿ ಡೇವಿಡ್ ಹರೆಲ್ ಅವರ ಅನುಭವದಲ್ಲಿದೆ. ೧೯೮೩ರ ಸುಮಾರಿಗೆ ಅವರು ಆ ದೇಶದ ವಿಮಾನ ಕಾರ್ಖಾನೆಗೆ ಸಲಹೆಗಾರರಾಗಿ ಹೋಗುತ್ತಿದ್ದರು. ಲಾವಿ ಎಂಬ ಯುದ್ಧವಿಮಾನದ ರಚನೆ ಅಲ್ಲಿ ನಡೆದಿತ್ತು. ತಜ್ಞರು ದಪ್ಪ ದಪ್ಪ ಸಂಪುಟಗಳನ್ನು ಬರೆದಿದ್ದರು. ಆದರೆ ಇಂಥ ಸಂದರ್ಭದಲ್ಲಿ ಈ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬ ಸಣ್ಣ ಪ್ರಶ್ನೆಗೆ ಒಮ್ಮತದ ಉತ್ತರ ದೊರೆಯುತ್ತಿರಲಿಲ್ಲ. ಹರೆಲ್ ಅವರು ಸ್ಥಿತಿಗಳನ್ನೂ ಸಂಕ್ರಮಣಗಳನ್ನೂ ಚಿತ್ರವಾಗಿ ಬರೆಯುವ ಒಂದು ಕ್ರಮವನ್ನು ಕಂಡುಹಿಡಿದರು. ೧೯೮೭ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ಕಪ್ಪು ಹಲಗೆಯ ಮೇಲಿದ್ದ ಅಂಥ ಚಿತ್ರವೊಂದನ್ನು ನೋಡಿದ ವಾಯುಪಡೆಯ ಪೈಲಟ್ ಒಬ್ಬ, ಗಣಕಶಾಸ್ತ್ರದ ಗಂಧವಿಲ್ಲದವನು, ಕೆಲವೇ ನಿಮಿಷಗಳಲ್ಲಿ ಅದರೊಳಗಿನ ತಪ್ಪೊಂದನ್ನು ತೋರಿಸಿಕೊಟ್ಟನೆಂದು ಅವರು ಬರೆದಿದ್ದಾರೆ. ವಿಮಾನ ಹಾರಿಸುವವನಿಗೆ ತಿಳಿದ ವಿಷಯ ವಿಮಾನಕ್ಕೆ ಸೂತ್ರ ಬರೆಯುವವರಿಗೆ ತಿಳಿದಿರಲಿಲ್ಲ. ಅವನಿಗೆ ಓದಲು ಬರುವಂತೆ ಬರೆದದ್ದರಿಂದ ತಪ್ಪು ನೆಲದ ಮೇಲೆಯೇ ಸಿಕ್ಕಿತು.

ಓದಬಲ್ಲ ಬರವಣಿಗೆಯ ಪ್ರಯೋಜನ ಇದೇ. ಅದು ಬರೆಯುವವನ ಅನುಕೂಲಕ್ಕಿಂತ ಹೆಚ್ಚಾಗಿ, ಬರೆದದ್ದನ್ನು ಪರೀಕ್ಷಿಸತಕ್ಕವನ ಹಕ್ಕು. ಹೀಗಿರಲು ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಓದಬಲ್ಲ ವಾಕ್ಯವೆಂದರೆ ಯಾರು ಓದಬಲ್ಲ ವಾಕ್ಯ?

ನಮ್ಮ ನಾಡಿನಲ್ಲಿ ಈ ಪ್ರಶ್ನೆ ಪಂಡಿತರ ವಿನೋದಕ್ಕೆ ಎದ್ದದ್ದಲ್ಲ. ೧೯೬೩ರ ರಾಜಭಾಷಾ ಅಧಿನಿಯಮದಿಂದ ಕನ್ನಡ ಈ ರಾಜ್ಯದ ಆಡಳಿತ ಭಾಷೆಯಾಯಿತು. ೨೦೧೧ರ ಸಕಾಲ ಸೇವೆಗಳ ಅಧಿನಿಯಮದಿಂದ, ಗೊತ್ತುಪಡಿಸಿದ ಸೇವೆಗಳನ್ನು ಇಷ್ಟು ದಿನಗಳೊಳಗೆ ಪಡೆಯುವ ಹಕ್ಕು ಪ್ರಜೆಗೆ ಬಂತು. ದಿನ ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. “ದಿನ ಮೀರಿದರೆ ಮೇಲ್ಮನವಿ” ಎಂಬುದು ಅಪ್ಪಟ ನಡೆಪಟ್ಟಿಯ ವಾಕ್ಯವೇ ಅಲ್ಲವೆ? ಅರ್ಜಿಯ ನಮೂನೆ ಕನ್ನಡದಲ್ಲಿದೆ, ಆದೇಶ ಕನ್ನಡದಲ್ಲಿದೆ, ಹಲಗೆಯ ಮೇಲಿನ ಸೂಚನೆ ಕನ್ನಡದಲ್ಲಿದೆ. ಆದರೆ ಅರ್ಜಿಯನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸುವ ಯಂತ್ರವ್ಯವಸ್ಥೆಯ ನಿಯಮಾವಳಿಯನ್ನು ಸೂತ್ರವಾಗಿ ಬರೆಯುವ ಸಾಧನಗಳು ಕನ್ನಡದ ವಾಕ್ಯವನ್ನು ಅರಿಯವು.

ಇದರ ಫಲವನ್ನು ನಾನು ಉಂಡಿದ್ದೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಮನೆಯ ಅರ್ಜಿಗಳೂ ಅಕ್ಕಪಕ್ಕದವರ ಅರ್ಜಿಗಳೂ ನನ್ನ ಪಾಲಿಗೆ ಬರುತ್ತವೆ. ಎರಡು ವರ್ಷಗಳ ಹಿಂದೆ ನನ್ನದೇ ವಿದ್ಯಾರ್ಥಿವೇತನದ ಅರ್ಜಿ ನಾಲ್ಕು ತಿಂಗಳು “ಪರಿಶೀಲನೆಯಲ್ಲಿದೆ” ಎಂಬ ಒಂದೇ ಮಾತನ್ನು ತೋರಿಸುತ್ತ ನಿಂತಿತು. ನನ್ನ ಹೆಸರಿನ ಇನಿಷಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇತ್ತು. ಹೆಸರು ಹೊಂದದಿದ್ದರೆ ಅರ್ಜಿಯನ್ನು ತಡೆಯಬೇಕೆಂದು ನಡೆಪಟ್ಟಿಯಲ್ಲಿತ್ತು. ತಡೆದ ಅರ್ಜಿ ಯಾವ ಬಾಗಿಲಿನಿಂದ ಹೊರಬರಬೇಕೆಂಬುದು ಮಾತ್ರ ಅದರಲ್ಲಿರಲಿಲ್ಲ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಗುಮಾಸ್ತರೊಬ್ಬರು ನನ್ನ ಮಾತು ಕೇಳಿದ ಕ್ಷಣದಲ್ಲೇ, “ಇಂಥವು ಪ್ರತಿ ವರ್ಷ ಬರುತ್ತವಪ್ಪಾ. ಕಾಗದದ ಕಾಲದಲ್ಲಾಗಿದ್ದರೆ ಒಂದು ಷರಾ ಬರೆದು ಕಳಿಸುತ್ತಿದ್ದೆ” ಎಂದರು. ಹರೆಲ್ ಅವರ ಪೈಲಟ್ಟಿಗಿದ್ದ ಜ್ಞಾನವೇ ಈ ಗುಮಾಸ್ತರಿಗೂ ಇತ್ತು. ಪೈಲಟ್ಟಿಗೆ ಚಿತ್ರ ತೋರಿಸಿದರು. ಇವರಿಗೆ ಯಾರೂ ಏನನ್ನೂ ತೋರಿಸಲಿಲ್ಲ. ತೋರಿಸಿದ್ದರೂ ಇವರು ಓದುವ ಭಾಷೆಯಲ್ಲಿ ಅದು ಇರುತ್ತಿರಲಿಲ್ಲ.

ಹಾಗಾದರೆ ಇಂಗ್ಲಿಷ್ ಪದಗಳನ್ನು ತೆಗೆದು ಕನ್ನಡ ಪದಗಳನ್ನಿಟ್ಟರಾಯಿತಲ್ಲ ಎಂದು ಯಾರಾದರೂ ಹೇಳಿಯಾರು. ಈ ಯೋಚನೆ ಹಳೆಯದು. ಅಮೆರಿಕದ ಗ್ರೇಸ್ ಹಾಪರ್ ಎಂಬ ಮಹಿಳೆ ೧೯೫೦ರ ದಶಕದಲ್ಲಿ ರೆಮಿಂಗ್ಟನ್ ರ್‍ಯಾಂಡ್ ಕಂಪನಿಯಲ್ಲಿದ್ದಾಗ, ಗಣಕಯಂತ್ರಕ್ಕೆ ಗಣಿತದ ಚಿಹ್ನೆಗಳ ಬದಲು ಇಂಗ್ಲಿಷ್ ವಾಕ್ಯಗಳಲ್ಲಿಯೇ ಆಜ್ಞೆ ಕೊಡಬಹುದೆಂದು ಸಾಧಿಸಿದರು. ಫ್ಲೋ-ಮ್ಯಾಟಿಕ್ ಎಂಬ ಅವರ ಭಾಷೆಯೇ ಮುಂದೆ ೧೯೫೯ರಲ್ಲಿ ಆರಂಭವಾದ ಕೋಬಾಲ್ ಭಾಷೆಗೆ ತಳಪಾಯವಾಯಿತು. ಇಂಗ್ಲಿಷಿನ ಆಜ್ಞೆಗಳ ಜಾಗದಲ್ಲಿ ಫ್ರೆಂಚ್ ಮತ್ತು ಜರ್ಮನ್ ಪದಗಳನ್ನಿಟ್ಟೂ ಅದೇ ಕೆಲಸವನ್ನು ಅವರು ತೋರಿಸಿದರಂತೆ. ಮೇಲಧಿಕಾರಿಗಳು ಬೆಚ್ಚಿಬಿದ್ದರು; ಅಮೆರಿಕದಲ್ಲಿ ಹುಟ್ಟಿದ ಯಂತ್ರ ಫ್ರೆಂಚನ್ನೂ ಜರ್ಮನನ್ನೂ ತಿಳಿಯುವುದುಂಟೆ ಎಂದು ಅವರ ಶಂಕೆ. ಕೊನೆಗೆ ಇಂಗ್ಲಿಷ್ ಒಂದರಲ್ಲೇ ಮಾಡುವುದಾಗಿ ಹಾಪರ್ ಮಾತು ಕೊಡಬೇಕಾಯಿತು. ಯಂತ್ರಕ್ಕೆ ಎಲ್ಲ ಅಕ್ಷರಗಳೂ ಒಂದೇ ಎಂಬುದು ಅವರಿಗೆ ಅಂದೇ ತಿಳಿದಿತ್ತು. ಯಂತ್ರಕ್ಕಿಲ್ಲದ ಪಕ್ಷಪಾತ ಮನುಷ್ಯರಿಗಿತ್ತು.

ಆದರೆ ಫ್ರೆಂಚ್, ಜರ್ಮನ್, ಇಂಗ್ಲಿಷ್ ಮೂರೂ ಅಕ್ಕತಂಗಿಯರು. ಪದಕ್ಕೆ ಪದ ಇಟ್ಟರೆ ಅಲ್ಲಿ ಹೇಗೋ ನಡೆದೀತು. ಕನ್ನಡದಲ್ಲಿ ಹಾಗೆ ಮಾಡಿದರೆ ಏನಾಗುತ್ತದೆಂಬುದಕ್ಕೆ ಕಣ್ಣೆದುರಿಗೇ ನಿದರ್ಶನವಿದೆ. ಕುಕುಂಬರ್ ಎಂಬ ಸಾಧನವೊಂದನ್ನು ೨೦೦೮ರಲ್ಲಿ ಆಸ್ಲಾಕ್ ಹೆಲ್ಲೆಸೋಯ್ ಎಂಬವರು ಆರಂಭಿಸಿದರು. ಅದಕ್ಕೆ ಜಾವಾಸ್ಕ್ರಿಪ್ಟ್ ರೂಪವೂ ಇದೆ. ಅದು ನಡೆಪಟ್ಟಿಯನ್ನು ತಯಾರಿಸುವುದಿಲ್ಲ, ನಡೆ ಸರಿಯಿದೆಯೇ ಎಂದು ಪರೀಕ್ಷಿಸುತ್ತದೆ. ಆದರೆ ಅದರ ವಾಕ್ಯಗಳ ಗುಣ ಒಂದೇ. ಇಂಥ ಸ್ಥಿತಿಯಿರಲು, ಇಂಥ ಘಟನೆ ನಡೆಯಲು, ಇಂಥ ಫಲ ಎಂದು ಮೂರು ಸಾಲುಗಳು. ಇಂಗ್ಲಿಷಿನಲ್ಲಿ ಆ ಸಾಲುಗಳು ಕ್ರಮವಾಗಿ ಗಿವನ್, ವೆನ್, ದೆನ್ ಎಂಬ ಪದಗಳಿಂದ ಮೊದಲಾಗುತ್ತವೆ. ಈ ವಾಕ್ಯಭಾಷೆಗೆ ಗರ್ಕಿನ್ ಎಂದು ಹೆಸರು. ೭೦ಕ್ಕೂ ಹೆಚ್ಚು ಭಾಷೆಗಳಲ್ಲಿ ಅದರ ಪದಪಟ್ಟಿ ಇದೆ. ಸಂತೋಷದ ಸಂಗತಿಯೆಂದರೆ ಅವುಗಳಲ್ಲಿ ಕನ್ನಡವೂ ಒಂದು.

ಸಂತೋಷ ಅಲ್ಲಿಗೇ ನಿಲ್ಲುತ್ತದೆ. ಕನ್ನಡದ ಪಟ್ಟಿಯಲ್ಲಿ ಗಿವನ್ ಎಂಬುದಕ್ಕೆ “ನೀಡಿದ” ಎಂದಿದೆ. ವೆನ್ ಎಂಬುದಕ್ಕೆ “ಸ್ಥಿತಿಯನ್ನು” ಎಂದಿದೆ. ದೆನ್ ಎಂಬುದಕ್ಕೆ “ನಂತರ” ಎಂದಿದೆ. ವ್ಯವಸ್ಥೆಯ ಒಂದು ಸೌಲಭ್ಯವನ್ನು ಸೂಚಿಸುವ ಫೀಚರ್ ಎಂಬ ಪದಕ್ಕೆ “ಹೆಚ್ಚಳ” ಎಂದಿದೆ. ಹೆಚ್ಚಳವೆಂದರೆ ನಮಗೆ ನೆನಪಾಗುವುದು ಶುಲ್ಕದ ಹೆಚ್ಚಳ, ಬಸ್ಸಿನ ದರದ ಹೆಚ್ಚಳ! ಈ ಪದಗಳನ್ನಿಟ್ಟು ನಮ್ಮ ಗ್ರಂಥಾಲಯದ ನಿಯಮವನ್ನು ಬರೆದರೆ ಹೀಗಾಗುತ್ತದೆ:

ನೀಡಿದ ಪುಸ್ತಕ ಕಪಾಟಿನಲ್ಲಿದೆ
ಸ್ಥಿತಿಯನ್ನು ವಿದ್ಯಾರ್ಥಿ ಚೀಟಿ ಕೊಡುತ್ತಾನೆ
ನಂತರ ಪುಸ್ತಕ ಓದುಗನ ಕೈ ಸೇರುತ್ತದೆ

ಮೊದಲ ಸಾಲನ್ನು ಓದಿದ ಕನ್ನಡಿಗನಿಗೆ, ಯಾರಿಗೋ ನೀಡಿದ ಪುಸ್ತಕ ಮತ್ತೆ ಕಪಾಟಿಗೆ ಬಂದು ಕುಳಿತಿದೆ ಎಂದು ತೋರುತ್ತದೆ. ಎರಡನೆಯ ಸಾಲಿನಲ್ಲಿ ದ್ವಿತೀಯಾ ವಿಭಕ್ತಿಯ ಪದವೊಂದು ತನ್ನ ಕ್ರಿಯಾಪದವನ್ನು ಹುಡುಕುತ್ತ ಅನಾಥವಾಗಿ ನಿಂತಿದೆ. ಈ ಪಟ್ಟಿಯನ್ನು ಸಿದ್ಧಪಡಿಸಿದವರನ್ನು ನಾನು ಹಳಿಯಲಾರೆ. ಸ್ವಂತ ವೇಳೆಯನ್ನು ವ್ಯಯಿಸಿ, ಸಂಬಳವಿಲ್ಲದೆ, ಕನ್ನಡದ ಹೆಸರು ಆ ಸಾಲಿನಲ್ಲಿರಲೆಂದು ದುಡಿದವರು ಅವರು. ನಾವು ಅಷ್ಟನ್ನೂ ಮಾಡಿದವರಲ್ಲ. ಅದಲ್ಲದೆ ಅವರು ಯಾವ ಪದ ಆರಿಸಿದ್ದರೂ ತೊಡಕು ತಪ್ಪುತ್ತಿರಲಿಲ್ಲ. ತೊಡಕು ಪದದಲ್ಲಿಲ್ಲ, ಪದವಿಡಬೇಕಾದ ಸ್ಥಾನದಲ್ಲಿದೆ.

ಇಂಗ್ಲಿಷಿನಲ್ಲಿ ಷರತ್ತನ್ನು ಸೂಚಿಸುವ ಪದ ಷರತ್ತಿನ ಬಾಗಿಲಲ್ಲೇ ನಿಲ್ಲುತ್ತದೆ. ಕನ್ನಡದಲ್ಲಿ ಷರತ್ತು ಕ್ರಿಯಾಪದದ ಬಾಲದಲ್ಲಿರುತ್ತದೆ. ನಾವು ಮಾತಿಗೆ “ಒಂದು ವೇಳೆ” ಎಂದು ಮೊದಲಲ್ಲಿ ಹೇಳುವುದುಂಟು, ನಿಜ. ಆದರೆ ಅದು ಅಲಂಕಾರ ಮಾತ್ರ. “ಒಂದು ವೇಳೆ ಮಳೆ ಬಂದರೆ ಆಟ ನಿಲ್ಲುತ್ತದೆ” ಎಂಬಲ್ಲಿ “ಒಂದು ವೇಳೆ” ಎಂಬುದನ್ನು ಕಿತ್ತುಹಾಕಿ. ಅರ್ಥ ಕೂದಲಷ್ಟೂ ಕೊಂಕುವುದಿಲ್ಲ. “ಬಂದರೆ” ಎಂಬುದರ “ರೆ”ಯನ್ನು ಕಿತ್ತುಹಾಕಿ, ವಾಕ್ಯವೇ ಕುಸಿಯುತ್ತದೆ. ತಮಿಳು, ತೆಲುಗು, ಮಲಯಾಳಗಳ ನಡೆಯೂ ಇದೇ. ದೂರದ ಜಪಾನೀ, ತುರ್ಕಿ ಭಾಷೆಗಳಲ್ಲಿಯೂ ಷರತ್ತು ಕ್ರಿಯಾಪದದ ಕೊನೆಯಲ್ಲೇ ಬರುತ್ತದೆ. ಆದಕಾರಣ ಇದು ನಮ್ಮೊಬ್ಬರ ವಿಚಿತ್ರವಲ್ಲ.

ಈಗ ನಮ್ಮ ನಿಯಮವನ್ನು ಕನ್ನಡ ಬಲ್ಲವರಾರಾದರೂ ಸಹಜವಾಗಿ ಬರೆಯುವಂತೆ ಬರೆದು ನೋಡೋಣ:

ಪುಸ್ತಕ ಕಪಾಟಿನಲ್ಲಿರುವಾಗ ವಿದ್ಯಾರ್ಥಿ ಚೀಟಿ ಕೊಟ್ಟರೆ ಪುಸ್ತಕ ಓದುಗನ ಕೈ ಸೇರುತ್ತದೆ.

ಒಂದೇ ವಾಕ್ಯ. ಅದರಲ್ಲಿ ಸ್ಥಿತಿ ಎಲ್ಲಿ ಮುಗಿಯಿತು? “ಇರುವಾಗ” ಎಂಬಲ್ಲಿ. ಘಟನೆ ಎಲ್ಲಿ ಮುಗಿಯಿತು? “ಕೊಟ್ಟರೆ” ಎಂಬಲ್ಲಿ. ಹೊಸ ಸ್ಥಿತಿ ಎಲ್ಲಿ ಮುಗಿಯಿತು? “ಸೇರುತ್ತದೆ” ಎಂಬ ಪೂರ್ಣ ಕ್ರಿಯಾಪದದಲ್ಲಿ. ಇಂಗ್ಲಿಷ್ ಮೂರು ಪ್ರತ್ಯೇಕ ಪದಗಳಿಂದ ಸಾಲಿನ ತಲೆಯಲ್ಲಿ ಮಾಡುವ ಕೆಲಸವನ್ನು ಕನ್ನಡ ಮೂರು ಪ್ರತ್ಯಯಗಳಿಂದ ಕ್ರಿಯೆಯ ಕೊನೆಯಲ್ಲಿ ಮಾಡುತ್ತದೆ. ನಡೆಪಟ್ಟಿಗೆ ಬೇಕಾದ ಮೂರು ಅಂಗಗಳೂ ಬೇಕಾದ ಅನುಕ್ರಮದಲ್ಲಿಯೇ ಇವೆ. ಸಾಲಿನ ಮೊದಲ ಪದವನ್ನು ನೋಡುವ ಯಂತ್ರಕ್ಕೆ ಪದದ ಕೊನೆಯನ್ನು ನೋಡು ಎಂದು ಹೇಳಬೇಕು, ಅಷ್ಟೆ. ತರಗತಿಯಲ್ಲಿ ನಾವು ಕೃದಂತಾವ್ಯಯವೆಂದು ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನ ಮರೆತುಬಿಡುವ ಪ್ರಕರಣವೇ ಇಲ್ಲಿ ಯಂತ್ರದ ಕೀಲಿಕೈ!

ಇದಕ್ಕೆ ಯಂತ್ರದ ಕಡೆಯಿಂದ ಅಡ್ಡಿಯೇನಾದರೂ ಇದೆಯೆ? ಇಲ್ಲ. ೧೯೯೧ರ ಮೊದಲ ಆವೃತ್ತಿಯಿಂದಲೂ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಜಾವಾಸ್ಕ್ರಿಪ್ಟಿನ ಮೂಲ ಆಜ್ಞೆಗಳು ಇಂಗ್ಲಿಷಿನಲ್ಲಿದ್ದರೂ, ನಾವು ಇಡುವ ಹೆಸರುಗಳು ಕನ್ನಡ ಅಕ್ಷರದಲ್ಲಿರಬಹುದು. “ಪುಸ್ತಕ” ಎಂದು ಬರೆದರೆ ಅದು ತಕರಾರಿಲ್ಲದೆ ಒಪ್ಪುತ್ತದೆ. ಗರ್ಕಿನ್ನಿನಲ್ಲಿಯೂ ಮೊದಲ ಪದದ ಬದಲು ಒಂದು ನಕ್ಷತ್ರ ಚಿಹ್ನೆಯನ್ನಿಟ್ಟು ಮುಂದೆ ನಮಗೆ ಬೇಕಾದ ವಾಕ್ಯ ಬರೆಯುವ ಸೌಕರ್ಯವಿದೆ. ಅದರ ಎಲ್ಲ ಭಾಷೆಗಳ ಪದಗಳೂ ಒಂದು ತೆರೆದ ಪಟ್ಟಿಯಲ್ಲಿವೆ. ತಿದ್ದುಪಡಿಯನ್ನು ಯಾರು ಬೇಕಾದರೂ ಸೂಚಿಸಬಹುದು. ಬಾಗಿಲಿಗೆ ಬೀಗವಿಲ್ಲ, ತಟ್ಟುವವರಿಲ್ಲ.

ಹಾಗೆಂದು ದಾರಿ ಹೂವಿನದೆಂದು ನಾನು ಹೇಳುವುದಿಲ್ಲ. ತೊಡಕುಗಳು ಬಹಳವಿವೆ, ಅವನ್ನು ಮುಚ್ಚಿಡುವುದು ನ್ಯಾಯವಲ್ಲ. “ಕೊಟ್ಟರೆ” ಎಂಬುದಕ್ಕೂ “ಕೊಟ್ಟರೂ” ಎಂಬುದಕ್ಕೂ ಇರುವ ಅಂತರ ಒಂದು ಸ್ವರದ್ದು. ಅರ್ಥದಲ್ಲಿ ಹಗಲು-ರಾತ್ರಿಯ ಅಂತರ. “ರೆ” ಎಂದು ಮುಗಿದದ್ದೆಲ್ಲ ಷರತ್ತೂ ಅಲ್ಲ: “ಬೇರೆ” ಎಂಬುದು ಷರತ್ತಲ್ಲ, “ಕರೆ” ಎಂಬುದು ಷರತ್ತಲ್ಲ, “ಆದರೆ” ಎಂಬುದು ಒಮ್ಮೆ ಷರತ್ತು, ಒಮ್ಮೆ ಅಲ್ಲ. ಇನ್ನು ನಮ್ಮಲ್ಲಿ ಕರ್ತೃಪದವನ್ನು ಬಿಟ್ಟುಬಿಡುವ ಅಭ್ಯಾಸವುಂಟು. “ಹಿಂದಿರುಗಿಸಿದರೆ ದಂಡವಿಲ್ಲ” ಎಂದರೆ ಹಿಂದಿರುಗಿಸಬೇಕಾದವರು ಯಾರು, ಏನನ್ನು, ಎಂದು ಯಂತ್ರ ಕೇಳಬೇಕಾಗುತ್ತದೆ. ಒಂದೇ ಷರತ್ತಿಗೆ ನಮ್ಮಲ್ಲಿ ಹಲವು ವೇಷಗಳಿವೆ: ಕೊಟ್ಟರೆ, ಕೊಟ್ಟಾಗ, ಕೊಟ್ಟ ಮೇಲೆ, ಕೊಟ್ಟ ಪಕ್ಷದಲ್ಲಿ. ನಮ್ಮ ಸೂಚನಾಫಲಕದ ನಿತ್ಯ ದೈವವಾದ “ತಪ್ಪಿದಲ್ಲಿ” ಎಂಬುದನ್ನಂತೂ ಯಾವ ವಿದ್ಯಾರ್ಥಿಯೂ ಮರೆಯಲಾರ!

ಈ ತೊಡಕುಗಳಿಗೆ ಪರಿಹಾರ ಒಂದೇ: ಯಂತ್ರಕ್ಕೆ ಬರೆಯುವ ಕನ್ನಡ, ಇಡೀ ಕನ್ನಡವಾಗಿರಬಾರದು. ಅದೊಂದು ಮಿತವಾದ, ಕಟ್ಟುಪಾಡಿನ ಕನ್ನಡವಾಗಿರಬೇಕು. ಸ್ಥಿತಿಗೆ “ಇರುವಾಗ”, ಘಟನೆಗೆ “ರೆ”, ಹೊಸ ಸ್ಥಿತಿಗೆ ವರ್ತಮಾನದ ಪೂರ್ಣಕ್ರಿಯೆ, ಕರ್ತೃಪದವನ್ನು ಬಿಡತಕ್ಕದ್ದಲ್ಲ, ಒಂದು ವಾಕ್ಯದಲ್ಲಿ ಒಂದೇ ಘಟನೆ. ಕ್ರಯಪತ್ರ, ಪಂಚಾಂಗ, ರೈಲ್ವೆ ವೇಳಾಪಟ್ಟಿ, ಇವಕ್ಕೆಲ್ಲ ಅವುಗಳದೇ ಆದ ಬಿಗಿಯಾದ ಭಾಷೆ ಇಲ್ಲವೆ? ಓದಲು ಯಾರಿಗೂ ಕಷ್ಟವಿಲ್ಲ. ಬರೆಯಲು ಶಿಸ್ತು ಬೇಕು. ವಾಕ್ಯ ಕಟ್ಟುಪಾಡನ್ನು ಮೀರಿದರೆ ಲೈಬ್ರರಿ ಅದನ್ನು ಊಹೆಯಿಂದ ಅರ್ಥಮಾಡಿಕೊಳ್ಳಬಾರದು, “ಕೊಡುವವರು ಯಾರು?” ಎಂದು ಕನ್ನಡದಲ್ಲೇ ಮರುಪ್ರಶ್ನೆ ಹಾಕಬೇಕು.

ಇನ್ನು ಆಕ್ಷೇಪಗಳ ಮಾತು. ಮೊದಲ ಆಕ್ಷೇಪ ನಮ್ಮ ಗೆಳೆಯರದೇ: “ಹೇಗೂ ಕೆಲಸಕ್ಕೆ ಇಂಗ್ಲಿಷ್ ಬೇಕು, ಅದನ್ನೇ ಕಲಿತರಾಯಿತು.” ಇಂಗ್ಲಿಷನ್ನು ಕಲಿಯಬೇಕು, ನಾನೂ ಕಲಿಯುತ್ತಿದ್ದೇನೆ. ಆದರೆ ನನ್ನ ಕಲಿಕೆಯಿಂದ ಆ ಗುಮಾಸ್ತರ ಇಪ್ಪತ್ತು ವರ್ಷದ ಜ್ಞಾನ ನಡೆಪಟ್ಟಿಯೊಳಗೆ ಬರುವುದೆ? ನಿಯಮ ಬರೆಯುವವನು ಇಂಗ್ಲಿಷ್ ಕಲಿಯಬಹುದು. ನಿಯಮಕ್ಕೆ ಒಳಪಡುವ ಕೋಟ್ಯಂತರ ಜನರು ತಮ್ಮ ಮೇಲೆ ನಡೆಯುವ ನಿಯಮವನ್ನು ಓದಲು ಮೊದಲು ಇನ್ನೊಂದು ಭಾಷೆ ಕಲಿತು ಬರಲಿ ಎನ್ನುವುದು ಪ್ರಜಾಪ್ರಭುತ್ವದ ಮಾತಲ್ಲ.

ಎರಡನೆಯ ಆಕ್ಷೇಪ ಘನವಾದದ್ದು. ಹಾಲೆಂಡಿನ ಹೆಸರಾಂತ ಗಣಕವಿಜ್ಞಾನಿ ಡೈಕ್‌ಸ್ಟ್ರಾ ಅವರು ೧೯೭೦ರ ದಶಕದ ಕೊನೆಯಲ್ಲಿ, ಯಂತ್ರಕ್ಕೆ ಆಡುಮಾತಿನಲ್ಲಿ ಆಜ್ಞೆ ಕೊಡುವ ಆಸೆಯೇ ಅವಿವೇಕವೆಂದು ವಾದಿಸಿದರು. ಚಿಹ್ನೆಗಳ ಬಿಗಿಯಾದ ಭಾಷೆ ಹೊರೆಯಲ್ಲ, ಅದೊಂದು ವರ. ಆಡುಮಾತಿನಲ್ಲಿ ಅಸಂಬದ್ಧವನ್ನು ಗೊತ್ತಾಗದಂತೆ ಹೇಳಿಬಿಡುವುದು ಸುಲಭ, ಎಂದು ಅವರ ಮತದ ತಾತ್ಪರ್ಯ. ಈ ಮಾತನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಒಪ್ಪಿದ್ದರಿಂದಲೇ ಮಿತವಾದ ಕನ್ನಡವೆಂದು ಹೇಳಿದ್ದು. ಆದರೆ ಅವರ ಎಚ್ಚರಿಕೆ ಇಂಗ್ಲಿಷಿಗೂ ಸಲ್ಲುತ್ತದಷ್ಟೆ. ಇಂಗ್ಲಿಷಿಗೆ ಆ ಅಪಾಯವನ್ನು ಕ್ಷಮಿಸಿ ಕನ್ನಡಕ್ಕೆ ಮಾತ್ರ ಅದನ್ನು ತೋರಿಸುವುದು ಸಲ್ಲದು.

ಮೂರನೆಯ ಆಕ್ಷೇಪ ಇತ್ತೀಚಿನದು. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಕನ್ನಡದಲ್ಲಿ ಹೇಗೆ ಹೇಳಿದರೂ ಅವೇ ನಡೆಪಟ್ಟಿ ಬರೆದುಕೊಡುತ್ತವೆ. ಈ ಕಟ್ಟುಪಾಡಿನ ಗೋಜೇಕೆ ಎಂದು ಕೇಳುತ್ತಾರೆ. ಅವು ಬರೆದುಕೊಡುತ್ತವೆ, ನಿಜ. ಆದರೆ ಒಂದೇ ಮಾತಿಗೆ ಇಂದು ಒಂದು ಪಟ್ಟಿ, ನಾಳೆ ಇನ್ನೊಂದು ಪಟ್ಟಿ ಕೊಟ್ಟಾವು. ಕೊಟ್ಟ ಪಟ್ಟಿಯಂತೂ ಮತ್ತೆ ಅದೇ ಮುಳ್ಳುಬೇಲಿ. ಅದರೊಳಗೆ ಬಾಗಿಲಿದೆಯೇ ಇಲ್ಲವೇ ಎಂದು ಆ ಗುಮಾಸ್ತರು ಹೇಗೆ ನೋಡಬೇಕು? ಇಂದು ನಾಳೆ ಒಂದೇ ಅರ್ಥ ಕೊಡುವ, ಮನುಷ್ಯನೂ ಯಂತ್ರವೂ ಸಮನಾಗಿ ಓದುವ ಒಂದು ಮೂಲಪಾಠ ಬೇಕು. ಬೇಕಾದರೆ ಆ ಹೊಸ ಯಂತ್ರವೇ ಅಂಥ ಕನ್ನಡದಲ್ಲಿ ಬರೆಯಲಿ. ಸಹಿ ಹಾಕುವ ಮುನ್ನ ನಾವು ಓದುತ್ತೇವೆ.

ಈ ಕೆಲಸವನ್ನು ಮಾಡತಕ್ಕವರು ಯಾರು? ಸೂತ್ರ ಬರೆಯುವ ಭಾಗವನ್ನು ಗಣಕ ವಿಭಾಗದ ಮಿತ್ರರು ಮಾಡಬಲ್ಲರು. ಆದರೆ ಯಾವ ಪ್ರತ್ಯಯವನ್ನು ಆರಿಸಬೇಕು, “ಆಗ” ಮತ್ತು “ರೆ”ಗಳ ಗಡಿ ಎಲ್ಲಿ, ಕಲಬುರ್ಗಿಯವರೂ ಮಂಗಳೂರಿನವರೂ ಚಾಮರಾಜನಗರದವರೂ ಒಂದೇ ಅರ್ಥದಲ್ಲಿ ಓದುವ ವಾಕ್ಯ ಯಾವುದು, ಎಂಬುದನ್ನು ಅವರು ಯಾರನ್ನು ಕೇಳಬೇಕು? ಕನ್ನಡ ವಿಭಾಗವನ್ನಲ್ಲವೆ? ಆಡಳಿತದ ನಿಯಮಗಳ ಮರ್ಮವನ್ನು ರಾಜ್ಯಶಾಸ್ತ್ರದವರು ತಿಳಿಸಲಿ; ಜನರ ಅನುಭವವನ್ನು ಸಮಾಜಶಾಸ್ತ್ರದವರು ಸಂಗ್ರಹಿಸಲಿ. ಕಲಾ ಪದವಿಗೆ ಬೆಲೆಯೆಲ್ಲಿ ಎಂದು ನಮ್ಮನ್ನು ಮನೆಯಲ್ಲೂ ಬೀದಿಯಲ್ಲೂ ಕೇಳುತ್ತಾರೆ. ಆ ಪ್ರಶ್ನೆಗೆ ಭಾಷಣದಿಂದ ಉತ್ತರ ಕೊಡುವುದಕ್ಕಿಂತ ಒಂದು ಕೆಲಸದಿಂದ ಉತ್ತರ ಕೊಡುವುದು ಲೇಸು.

ನನ್ನ ಸೂಚನೆ ದೊಡ್ಡದೇನಲ್ಲ. ನಮ್ಮ ಕಾಲೇಜಿನಲ್ಲಿಯೇ ನಾಲ್ಕು ನಿಯಮಾವಳಿಗಳಿವೆ: ಗ್ರಂಥಾಲಯದ್ದು, ವಿದ್ಯಾರ್ಥಿನಿಲಯದ್ದು, ಹಾಜರಾತಿಯದ್ದು, ಶುಲ್ಕದ್ದು. ಅಧ್ಯಾಪಕರು ಮಾರ್ಗದರ್ಶನ ಮಾಡಿದರೆ ಈ ನಾಲ್ಕನ್ನೂ ಮೇಲೆ ಹೇಳಿದ ಕಟ್ಟುಪಾಡಿನ ಕನ್ನಡಕ್ಕೆ ತರಬಹುದು. ಪ್ರತಿಯೊಂದು ವಾಕ್ಯವನ್ನೂ ಅದನ್ನು ನಿತ್ಯ ನಡೆಸುವವರಿಗೆ, ಗ್ರಂಥಪಾಲಕರಿಗೆ, ಅಡುಗೆಯವರಿಗೆ, ಗುಮಾಸ್ತರಿಗೆ, ಓದಿ ಹೇಳಿ “ಹೀಗೆಯೇ ನಡೆಯುವುದೆ?” ಎಂದು ಕೇಳಬೇಕು. ಯಾವ ಸ್ಥಿತಿಯಿಂದ ಹೊರಗೆ ಬರುವ ವಾಕ್ಯವೇ ಇಲ್ಲವೋ ಅದಕ್ಕೆ ಗುರುತು ಹಾಕಬೇಕು. ನೂರು ವಾಕ್ಯಗಳು ಕೂಡಿದರೆ ಲೈಬ್ರರಿಯ ವ್ಯಾಕರಣ ಅದರೊಳಗಿಂದಲೇ ಹೊರಬರುತ್ತದೆ. ಮುಂದಿನ ವರ್ಷ ಈ ಬೆಂಚುಗಳಲ್ಲಿ ಕೂರುವ ತಮ್ಮತಂಗಿಯರು ಅದನ್ನು ಗಣಕ ವಿಭಾಗದವರ ಮುಂದಿಡಲಿ.

ಅಂತಿಮ ವರ್ಷದವನಾದ ನಾನು ಈ ಸಂಚಿಕೆ ಅಚ್ಚಾಗಿ ಬರುವ ಹೊತ್ತಿಗೆ ಕಾಲೇಜನ್ನು ಬಿಟ್ಟಿರುತ್ತೇನೆ. ಕೆಲಸವನ್ನು ಆರಂಭಿಸುವವರಿಗೆ ನೆರವಾಗುವಂತೆ ಗ್ರಂಥಾಲಯದ ನಿಯಮಗಳನ್ನು ಇಪ್ಪತ್ತೆರಡು ವಾಕ್ಯಗಳಾಗಿ ಬರೆದು ಕನ್ನಡ ವಿಭಾಗಕ್ಕೆ ಒಪ್ಪಿಸಿದ್ದೇನೆ. ಅವುಗಳಲ್ಲಿ ಎರಡನ್ನು ಗ್ರಂಥಪಾಲಕರು ಈಗಾಗಲೇ ತಿದ್ದಿದ್ದಾರೆ. ಕಳೆದುಹೋದ ಪುಸ್ತಕ ಮತ್ತೆ ಸಿಕ್ಕಿದರೆ ಏನಾಗಬೇಕೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ಸಹಪಾಠಿಗಳ ವಿಚಾರಕ್ಕೆ ಬಿಟ್ಟಿದ್ದೇನೆ.